ಬೆಲ್ಟಮ್ಮ ಓಡಲು ಕಲಿತದ್ದು

ನನ್ನ ಸೊಸೆಗೆ ಅವಳ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದೆ. ಅದು ಆಸ್ಪತ್ರೆಯ ಚೀಟಿಗೆ ಮಾತ್ರ ಗೊತ್ತು. ಊರಿಗೆಲ್ಲ ಅವಳು ಬೆಲ್ಟಮ್ಮ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲನ್ನು ಬಾಯ್ಲರಿನ ತನಕ ಹೊತ್ತುಕೊಂಡು ಹೋಗುವ ಉದ್ದನೆಯ ರಬ್ಬರ್ ಬೆಲ್ಟು ಇತ್ತಲ್ಲ, ಮದುವೆಗೆ ಮೊದಲಿನಿಂದಲೂ ಅದರ ಪಕ್ಕದಲ್ಲಿ ನಿಂತು ದುಡಿದವಳು. ತರಕಾರಿ ಮಾರುವವಳು ಕೂಡ "ಬೆಲ್ಟಮ್ಮಾ, ಬದನೆ ಬೇಕಾ?" ಎಂದೇ ಕೂಗುತ್ತಾಳೆ. ಇವಳೂ ಕೂಗಿಯೇ ಉತ್ತರ ಕೊಡುತ್ತಾಳೆ. ಆ ಸದ್ದಿನಲ್ಲಿ ಬದುಕಿದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ನಮ್ಮ ಮನೆಯಲ್ಲಿ ಗುಟ್ಟು ಅನ್ನುವುದೇ ಉಳಿದಿಲ್ಲ. ಗಂಡ ಹೆಂಡತಿ ಜಗಳ ಶುರುಮಾಡಿದರೆ ಹಿಂದಿನ ಸಾಲಿನ ಕ್ವಾರ್ಟರ್ಸಿನವರು ತೀರ್ಪು ಕೊಟ್ಟು ಮುಗಿಸುತ್ತಾರೆ.

ಆ ಸ್ಥಾವರದಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಮುಗಿದ ಗಂಟೆ ಹೊಡೆದರೂ ಯಾರೂ ತಮ್ಮ ಜಾಗ ಬಿಡುವಂತಿರಲಿಲ್ಲ. ಮುಂದಿನ ಪಾಳಿಯವರು ಬಂದು ಪಕ್ಕದಲ್ಲಿ ನಿಲ್ಲಬೇಕು. ಹೋಗುವವಳು ಬೆಲ್ಟಿನ ಪಕ್ಕದ ಕಂಬಿಯ ಮೇಲಿನ ಕೈ ತೆಗೆದು "ನಿಂದು" ಅನ್ನಬೇಕು. ಬಂದವಳು ಅದೇ ಕಂಬಿ ಹಿಡಿದು "ನಂದು" ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೇ ಕಾಲು ಎತ್ತುವುದು. ಎಷ್ಟೋ ವರ್ಷದ ಹಿಂದೆ ಒಬ್ಬ ಮುಂದಿನ ಪಾಳಿಯವನಿಗೆ ಕಾಯದೆ ಹೊರಟುಬಿಟ್ಟನಂತೆ. ಬರಬೇಕಾದವನು ಇನ್ನೂ ದಾರಿಯಲ್ಲಿದ್ದನಂತೆ. ಅಷ್ಟರಲ್ಲಿ ಬೆಲ್ಟಿಗೆ ಬೆಂಕಿ ಹತ್ತಿ ಮೇಲಿನ ಅಟ್ಟದಲ್ಲಿ ಕೆಲಸ ಮಾಡುತ್ತಿದ್ದ ಗಂಡ ಹೆಂಡತಿ ಇಬ್ಬರೂ ಸುಟ್ಟುಹೋದರು. ಆವತ್ತಿನಿಂದ ಅದು ರೂಢಿಯಾಯಿತು. ಅಡಿಗೆಮನೆಯಲ್ಲೂ ನನ್ನ ಸೊಸೆ ಒಲೆಯ ಮುಂದಿನಿಂದ ಏಳುವಾಗ ಸೌಟು ನನ್ನ ಕಡೆ ಚಾಚಿ "ಅತ್ತೆ, ನಿಮ್ದು" ಅನ್ನುತ್ತಿದ್ದಳು. ನಾನು "ನಂದು" ಅನ್ನುವ ತನಕ ಅಲ್ಲಾಡುತ್ತಿರಲಿಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನನ್ನ ಬಾಯಿಗೂ ಅದು ಅಂಟಿಕೊಂಡಿತು.

ಸ್ಥಾವರ ಮುಚ್ಚಿದಾಗ ಹೊಗೆ ಹೋಯಿತಲ್ಲ ಅಂತ ಯಾರೂ ಅಳಲಿಲ್ಲ, ಆ ಮಾತು ನಿಜ. ನನ್ನ ಕೆಮ್ಮು ಕಮ್ಮಿಯಾಯಿತು. ಬಿಳಿ ಬಟ್ಟೆ ಒಣಹಾಕಿದರೆ ಬಿಳಿಯಾಗಿಯೇ ಒಳಗೆ ಬರತೊಡಗಿತು. ಆದರೆ ಸ್ಥಾವರದ ಗೇಟಿನ ಎದುರು ಇದ್ದದ್ದು ನನ್ನ ಮಗನ ಟೀ ಅಂಗಡಿ. ಅವನ ಪಕ್ಕದಲ್ಲಿ ಚಪ್ಪಲಿ ಹೊಲಿಯುವವನು, ಆ ಕಡೆ ಕ್ಷೌರದಂಗಡಿ, ಅದರಾಚೆ ದರ್ಜಿ. ಗೇಟಿಗೆ ಬೀಗ ಬಿದ್ದ ವಾರದಲ್ಲೇ ಇವರೆಲ್ಲ ಒಬ್ಬರ ಅಂಗಡಿಯಲ್ಲಿ ಒಬ್ಬರು ಕೂತು ಹರಟೆ ಹೊಡೆಯತೊಡಗಿದರು. "ಅಮ್ಮಾ, ಇವತ್ತು ಚಪ್ಪಲಿಯವನು ಟೀ ಕುಡಿದ, ನಾನು ಚಪ್ಪಲಿ ಹೊಲಿಸಿಕೊಂಡೆ. ವ್ಯಾಪಾರ ಭರ್ಜರಿ" ಎಂದು ನನ್ನ ಮಗ ನಕ್ಕ. ಆ ನಗು ನನಗೆ ಒಂಚೂರೂ ಹಿಡಿಸಲಿಲ್ಲ.

ಆಗಲೇ ಹೊಸ ಕಂಪನಿಯವರು ಬಂದರು. ಶಾಮಿಯಾನ ಹಾಕಿ, ಮೈಕು ಕಟ್ಟಿ ಭಾಷಣ ಮಾಡಿದರು. ಕಲ್ಲಿದ್ದಲು ಸುರಿಯುತ್ತಿದ್ದ ಬಯಲಿನ ತುಂಬ ಬಿಸಿಲಿನಿಂದ ಕರೆಂಟು ಮಾಡುವ ಫಲಕಗಳು ಬರುತ್ತವೆ, ಪಕ್ಕದಲ್ಲಿ ಆ ಕರೆಂಟನ್ನು ಕೂಡಿಡುವ ದೊಡ್ಡ ಬ್ಯಾಟರಿಗಳ ಕಾರ್ಖಾನೆ ಬರುತ್ತದೆ ಎಂದರು. ಇವೆಲ್ಲ ಹಸಿರು ಕೆಲಸಗಳು, ಊರಿನವರಿಗೇ ಮೊದಲು ಎಂದರು. ಕ್ವಾರ್ಟರ್ಸಿನ ವಿಷಯವನ್ನೂ ಹೇಳಿದರು. ಬ್ಯಾಟರಿ ಕಾರ್ಖಾನೆಯಲ್ಲಿ ಕಾಯಂ ಆದವರು ಈಗಿರುವ ಮನೆಯಲ್ಲೇ ಇರಬಹುದು. ಉಳಿದವರು ಮುಂದಿನ ಬೇಸಿಗೆ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಫಲಕ ತೊಳೆಯುವ, ಹುಲ್ಲು ಕೀಳುವ ಕೆಲಸವೂ ಇದೆ, ಆದರೆ ಅದು ಗುತ್ತಿಗೆಯವನ ಕೈಕೆಳಗೆ. ಅವರಿಗೆ ಮನೆ ಇಲ್ಲ.

ಮನೆಗೆ ಬಂದವಳೇ ಬೆಲ್ಟಮ್ಮ ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಅತ್ತೆ, ನಾನು ಕಾಯಂ ಆಗ್ತೀನಿ. ಈ ಮನೆ ಬಿಡೋ ಮಾತೇ ಇಲ್ಲ."

"ಬೇರೆ ಕಡೆ ನೋಡೋಣ ಕಣೇ. ಈ ಊರಲ್ಲಿ ಇನ್ನೇನಿದೆ?" ಎಂದ ನನ್ನ ಮಗ.

"ನಿಮ್ಮ ಟೀ ಇದೆಯಲ್ಲ ರೀ. ಅದನ್ನ ಬೇರೆ ಊರಿನವರು ಯಾಕೆ ಕುಡೀತಾರೆ? ನಾವು ಅಂದ್ರೆ ಅಭ್ಯಾಸ ಆದವರು" ಎಂದಳು. ಹಿಂದಿನ ಸಾಲಿನಿಂದ ಯಾರೋ ನಕ್ಕದ್ದು ಕೇಳಿಸಿತು.

ಮಳೆಗಾಲವಿಡೀ ತರಬೇತಿಗೆ ಹೋದಳು. ಪಕ್ಕದ ಮನೆಯ ಫಿಟ್ಟರ್ ಕೂಡ ಜೊತೆಗೆ. ಅವನನ್ನು ಎಲ್ಲರೂ ಗೊಣಗಪ್ಪ ಅನ್ನುತ್ತಾರೆ. ಊಟ ಚೆನ್ನಾಗಿದ್ದರೂ ಗೊಣಗುವ ಪ್ರಾಣಿ. ಬೆಲ್ಟಿನ ಮೇಲೆ ಕೆಲಸ ಮಾಡಿದ ಇನ್ನೂ ಹಲವರು ಸೇರಿದ್ದರು. ಪಾಠ ಹೇಳುತ್ತಿದ್ದವಳು ಚಿಕ್ಕ ವಯಸ್ಸಿನ ಒಬ್ಬ ಮೇಡಂ. ಬೆಲ್ಟಮ್ಮ ರಾತ್ರಿ ಊಟದ ತಟ್ಟೆಯ ಮುಂದೆಯೂ ಪಾಠ ಒಪ್ಪಿಸುತ್ತಿದ್ದಳು. ಯಾವ ತಂತಿ ಯಾವುದಕ್ಕೆ, ಶಾಖ ಎಷ್ಟು ಏರಿದರೆ ಯಾವ ಗುಂಡಿ ಒತ್ತಬೇಕು, ಕೈಗವಸು ಯಾವಾಗ ಬದಲಿಸಬೇಕು. ನನಗೇ ಅರ್ಧ ಬಾಯಿಪಾಠ ಆಗಿಹೋಗಿತ್ತು. ಪರೀಕ್ಷೆಯ ಬೆಳಿಗ್ಗೆ ಅವಳ ಮುಖ ನೋಡಿ, ಇವಳು ಗೆದ್ದೇ ಬರುತ್ತಾಳೆ ಅಂದುಕೊಂಡಿದ್ದೆ.

ಆ ದಿನ ನಡೆದದ್ದನ್ನು ಅವಳೂ ಹೇಳಿದಳು, ಗೊಣಗಪ್ಪನೂ ಹೇಳಿದ. ಇಬ್ಬರ ಮಾತನ್ನೂ ಕೂಡಿಸಿ ಹೇಳುತ್ತಿದ್ದೇನೆ.

ಕಾರ್ಖಾನೆಯ ಒಳಗೆ ಆಸ್ಪತ್ರೆಯ ಹಾಗೆ ಬಿಳಿ ನೆಲ, ಕಿಟಕಿಯಿಲ್ಲದ ಗೋಡೆ, ತಣ್ಣನೆಯ ಗಾಳಿ. ಸದ್ದೇ ಇಲ್ಲ. ಉದ್ದನೆಯ ಮೇಜುಗಳ ಮೇಲೆ ಬ್ಯಾಟರಿಯ ತಟ್ಟೆಗಳನ್ನು ಜೋಡಿಸಿ ಕರೆಂಟು ತುಂಬಿಸುತ್ತಿದ್ದರು. ಒಂದೊಂದು ಮೇಜಿಗೆ ಒಬ್ಬೊಬ್ಬರು. ಎದುರಿಗೆ ಶಾಖ ತೋರಿಸುವ ಮೀಟರು. ಬೇರೆ ಊರುಗಳಿಂದ ಬಸ್ಸು ಹಿಡಿದು ಬಂದ ಎಳೆಯ ಹುಡುಗ ಹುಡುಗಿಯರೂ ಇದ್ದರು. ಕೇಳಿದ್ದಕ್ಕೆಲ್ಲ ಇವಳು ಸರಿಯಾಗಿಯೇ ಮಾಡಿ ತೋರಿಸಿದಳು. ಕೊನೆಗೆ ಹೇಳದೆ ಕೇಳದೆ ಸೈರನ್ ಕೂಗಿಸಿದರು. ಸೈರನ್ ಆದ ತಕ್ಷಣ ಎಲ್ಲ ಬಿಟ್ಟು ಹೊರಗೆ ಹೋಗಿ ಅಂಗಳದ ಹಳದಿ ಗೆರೆಯ ಆಚೆ ನಿಲ್ಲಬೇಕು ಎಂದು ಪಾಠದಲ್ಲಿ ಇತ್ತು. ಇವಳಿಗೂ ಗೊತ್ತಿತ್ತು. ನನ್ನ ಮುಂದೆ ಎಷ್ಟೋ ಸಲ ಒಪ್ಪಿಸಿದ್ದಾಳೆ.

ಬಸ್ಸಿನವರು ಓಡಿದರು. ಬೆಲ್ಟಿನವರು ಒಬ್ಬರೂ ಕದಲಲಿಲ್ಲ. ಒಂದು ಕೈ ಮೇಜಿನ ಮೇಲೆ ಇಟ್ಟುಕೊಂಡು ಕಂಬ ನೆಟ್ಟ ಹಾಗೆ ನಿಂತಿದ್ದರು.

"ಹೊರಗೆ! ಹೊರಗೆ ಬನ್ನಿ!" ಎಂದು ಮೇಡಂ ಕೂಗಿದಳು.

ಬೆಲ್ಟಮ್ಮ ಅದಕ್ಕಿಂತ ಜೋರಾಗಿ ಕೂಗಿದಳು, "ಇದನ್ನ ಯಾರಿಗೆ ಕೊಟ್ಟು ಬರ್ಲಿ? ಯಾರಾದ್ರೂ ನಂದು ಅನ್ನಿ, ಬರ್ತೀನಿ!"

"ಏನಂದ್ರಿ?"

"ಮೀಟರ್ ಏರ್ತಾ ಇದೆ ಮೇಡಂ! ಯಾರದಿದು?"

ಅಷ್ಟೇ. ಪರೀಕ್ಷೆ ಮುಗಿಯಿತು. ಬೆಲ್ಟಿನವರೆಲ್ಲ ನಪಾಸು. ಬಸ್ಸಿನಲ್ಲಿ ಬಂದವರಲ್ಲಿ ಮುಕ್ಕಾಲು ಪಾಲು ಕಾಯಂ. ಅವರ ಮೇಲೆ ನನಗೇನೂ ಕೋಪವಿಲ್ಲ, ಅವರಿಗೂ ಹೊಟ್ಟೆ ಇದೆ. ಆದರೆ ಊರಿನವರಿಗೇ ಮೊದಲು ಎಂದು ಮೈಕಿನಲ್ಲಿ ಕೂಗಿದವರನ್ನು ಅವತ್ತು ಸಂಜೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಬೆಲ್ಟಮ್ಮ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕೂತು ತನ್ನ ಕಾಲುಗಳನ್ನೇ ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕಾಲು ಎಂಬಂತೆ.

"ಅತ್ತೆ, ಹೋಗಬೇಕು ಅಂತ ತಲೆಗೆ ಗೊತ್ತಿತ್ತು. ಕಾಲು ಕೇಳಲಿಲ್ಲ."

ಮಾರನೆಯ ದಿನ ಮೇಡಂ ಹತ್ತಿರ ಹೋದಳು, ಜಗಳಕ್ಕೆಂದೇ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟ ರೀತಿ ನೋಡಿ ನನ್ನ ಮಗ ಅಂಗಡಿ ಬಿಟ್ಟು ಹಿಂದೆ ಓಡಿದ. ತಮ್ಮ ಪದ್ಧತಿ ಏನು, ಅದು ಯಾಕೆ ಬಂತು, ಸುಟ್ಟುಹೋದವರು ಯಾರು, ಎಲ್ಲ ಹೇಳಿದಳಂತೆ. ಮೇಡಂ ತಲೆ ತಗ್ಗಿಸಿ ಕೇಳಿಸಿಕೊಂಡಳಂತೆ. ಆಮೇಲೆ ಹೇಳಿದಳು:

"ಅಕ್ಕಾ, ಅಲ್ಲಿ ನಿಂತವರು ಉಳಿಸ್ತಾರೆ. ಇಲ್ಲಿ ನಿಂತವರು ಸಾಯ್ತಾರೆ. ಬ್ಯಾಟರಿ ಕೆಟ್ಟರೆ ಬರೋ ಹೊಗೆ ಕಣ್ಣಿಗೆ ಕಾಣೋ ಮೊದಲೇ ಉಸಿರು ಕಟ್ಟುತ್ತೆ. ಸೈರನ್ ಆದ ಸ್ವಲ್ಪ ಹೊತ್ತಿಗೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತೆ, ಬೆಂಕಿ ಹರಡಬಾರದು ಅಂತ. ಒಳಗೆ ಇದ್ದವರು ಒಳಗೇ."

ಬೆಲ್ಟಮ್ಮ ಸೆರಗನ್ನು ಮತ್ತೊಮ್ಮೆ ಬಿಗಿಯಾಗಿ ಸಿಕ್ಕಿಸಿಕೊಂಡಳಂತೆ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ಸೈರನ್ ಆದ್ರೆ ಓಡಿ ಅಂತ ಹೇಳಿದ್ದೆನಲ್ಲ ಅಕ್ಕಾ."

"ಓಡಿ ಅಂದ್ರಿ. ಯಾಕೆ ಅಂತ ಹೇಳಲಿಲ್ಲ. ನಮ್ಮನ್ನೇನು ದನ ಅಂದ್ಕೊಂಡ್ರಾ, ಹೋಯ್ ಅಂದ್ರೆ ಓಡೋಕೆ?"

"ನಿಮ್ಮಲ್ಲಿ ಹೀಗೊಂದು ರೂಢಿ ಇದೆ ಅಂತ ನೀವೂ ನನಗೆ ಹೇಳಲಿಲ್ಲವಲ್ಲ."

ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಬೆಲ್ಟಮ್ಮನ ಧ್ವನಿ ಇಳಿದಿತ್ತು. "ಬೈಯೋಣ ಅಂತ ಹೋದೆ ಅತ್ತೆ. ಆ ಹುಡುಗಿ ಒಳ್ಳೆಯವಳು. ಬೈಯೋಕೂ ಯಾರೂ ಸಿಗಲಿಲ್ಲ" ಎಂದಳು. ನನಗೂ ಅದೇ ಸಂಕಟ. ಕೆಟ್ಟವರಿದ್ದರೆ ಒಂದು ದಾರಿ, ಬೈದು ಹಗುರಾಗಬಹುದು. ಇಲ್ಲಿ ಒಂದು ಬೆಳಿಗ್ಗೆ ಚಾಪೆ ಹಾಸಿ ಕೂತು ನೀವು ಹೇಗೆ ಕೆಲಸ ಮಾಡುತ್ತಿದ್ದಿರಿ, ನಾವು ಹೇಗೆ ಮಾಡುತ್ತೇವೆ ಎಂದು ಮಾತಾಡಿದ್ದರೆ ಸಾಕಿತ್ತು. ಅದಕ್ಕೆ ಯಾರಿಗೂ ಪುರುಸೊತ್ತು ಇರಲಿಲ್ಲ. ಕಟ್ಟಡ ಕಟ್ಟುವುದಕ್ಕೆ ಇತ್ತು, ರಿಬ್ಬನ್ ಕತ್ತರಿಸುವುದಕ್ಕೆ ಇತ್ತು.

ಮೇಡಂ ಅಲ್ಲಿ ಇಲ್ಲಿ ಓಡಾಡಿ, ಬೆಲ್ಟಿನವರಿಗೆ ಇನ್ನೊಂದು ಪರೀಕ್ಷೆ ಇಡಿಸಿದಳು. ಸೈರನ್ ಒಂದಕ್ಕೆ ಮಾತ್ರ. ಬೆಲ್ಟಮ್ಮ ಮನೆಯಲ್ಲೇ ಅಭ್ಯಾಸ ಶುರುಮಾಡಿದಳು. ಅವಳು ಒಲೆಯ ಮುಂದೆ ನಿಲ್ಲುವುದು, ನನ್ನ ಮಗ ಎಲ್ಲಿಂದಲೋ ಬಂದು ಸೌಟಿನಿಂದ ತಟ್ಟೆ ಬಡಿಯುವುದು, ಬಡಿದ ತಕ್ಷಣ ಇವಳು ಎಲ್ಲ ಬಿಟ್ಟು ಬೀದಿಗೆ ಓಡುವುದು. ಮೊದಲ ದಿನ ಒಲೆಯ ಮೇಲೆ ಹಾಲು ಇತ್ತು. ನನ್ನ ಮಗ ಢಣಢಣ ಬಡಿದ. ಇವಳು ಅರ್ಧ ತಿರುಗಿದಳು, ಹಾಲು ನೋಡಿದಳು, ನನ್ನ ಕಡೆ ಕೈ ಚಾಚಿದಳು.

"ಅತ್ತೆ, ನಿಮ್ದು..."

"ಅಮ್ಮಾ, ನೀನು ಬಾಯಿ ಬಿಡಬೇಡ!" ಎಂದು ನನ್ನ ಮಗ ಕಿರುಚಿದ. "ಓಡೇ! ಸತ್ತೆ ನೀನು, ಓಡು!"

"ಹಾಲು ಉಕ್ಕುತ್ತೆ ರೀ!"

"ಉಕ್ಕಲಿ!"

"ನಿಮ್ಮಪ್ಪನ ಹಸುವಿನ ಹಾಲಾ, ಉಕ್ಕಲಿ ಅನ್ನೋಕೆ?"

ಹಾಲು ಉಕ್ಕಿತು. ಒಲೆ ಆರಿತು. ಮೂವರೂ ಕಮರು ವಾಸನೆಯಲ್ಲಿ ನಿಂತುಕೊಂಡು ಒಬ್ಬರ ಮುಖ ಒಬ್ಬರು ನೋಡಿದೆವು. ಬೆಲ್ಟಮ್ಮ ಅಲ್ಲೇ ಕುಕ್ಕರಿಸಿ, ಒಲೆ ಒರೆಸುತ್ತ, ಬಿಕ್ಕಿ ಬಿಕ್ಕಿ ಅತ್ತಳು. ಹಾಲಿಗೆ ಅತ್ತದ್ದಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಯಾವುದನ್ನು ನಿಯತ್ತು ಎಂದುಕೊಂಡು ಮೈಗೆ ಹಚ್ಚಿಕೊಂಡಿದ್ದಳೋ ಅದನ್ನೇ ಕಿತ್ತು ಹಾಕು ಅಂದರೆ ಯಾರಿಗಾದರೂ ಉರಿಯುತ್ತದೆ.

ಆದರೂ ಬಿಡಲಿಲ್ಲ. ನಿಂತಲ್ಲಿ, ಕೂತಲ್ಲಿ, ತಲೆ ಬಾಚುವಾಗ, ಬಟ್ಟೆ ಹಿಂಡುವಾಗ ತಟ್ಟೆ ಬಡಿಸಿಕೊಂಡಳು. ಹಿಂದಿನ ಸಾಲಿನವರಿಗೂ ಹುಮ್ಮಸ್ಸು ಬಂದು ಅವರೂ ತಟ್ಟೆ ಬಡಿಯತೊಡಗಿದರು. ಒಂದು ಮಧ್ಯಾಹ್ನ ತಲೆಗೆ ಅರ್ಧ ಎಣ್ಣೆ ಹಚ್ಚಿಕೊಂಡು ಬೀದಿಯ ತುದಿಯ ತನಕ ಓಡಿದವಳನ್ನು ನೋಡಿ ತರಕಾರಿಯವಳು ತಕ್ಕಡಿ ಬಿಟ್ಟು ತಾನೂ ಓಡಿದಳು, ಏನೋ ಆಗಬಾರದ್ದು ಆಗಿದೆ ಎಂದು. ಗೊಣಗಪ್ಪ ಮಾತ್ರ ಅಭ್ಯಾಸಕ್ಕೆ ಬರಲಿಲ್ಲ. "ಈ ವಯಸ್ಸಲ್ಲಿ ತಟ್ಟೆ ಸದ್ದಿಗೆ ಕುಣಿಯೋಕೆ ನಾನೇನು ಕೋತಿಯಾ ತಂಗಿ? ಆ ದಿನ ಬಂದ್ರೆ ಓಡ್ತೀನಿ ಬಿಡು" ಎಂದ.

ಆ ದಿನ ಬಂತು. ಸೈರನ್ ಕೂಗಿತು. ಬೆಲ್ಟಮ್ಮ ಎಲ್ಲರಿಗಿಂತ ಮೊದಲು ಬಾಗಿಲು ದಾಟಿ ಹಳದಿ ಗೆರೆಯ ಆಚೆ ಹೋಗಿ ನಿಂತಳು. ಒಬ್ಬೊಬ್ಬರಾಗಿ ಬಂದರು. ಹಿಂದೆ ತಿರುಗಿ ನೋಡಿದರೆ, ಗಾಜಿನ ಬಾಗಿಲ ಒಳಗೆ ಗೊಣಗಪ್ಪ ಮೇಜಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾನೆ. ಬಾಯಿ ಅಲ್ಲಾಡುತ್ತಿದೆ. ಏನು ಅನ್ನುತ್ತಿದ್ದಾನೆ ಎಂದು ಹೊರಗೆ ನಿಂತವರಿಗೆಲ್ಲ ಗೊತ್ತು. ಒಳಗೆ ಹೋಗಿ ಎಳೆದು ತರೋಣ ಎಂದು ಅವಳ ಕಾಲು ಎದ್ದಿತಂತೆ. ಹೋದರೆ ಅವಳೂ ನಪಾಸು. ಹೋಗಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಗೊಣಗಪ್ಪ ಈಗ ಫಲಕ ತೊಳೆಯುತ್ತಾನೆ. ಉದ್ದ ಕೋಲಿನ ಕುಂಚ ಹಿಡಿದು ಬಿಸಿಲಿನಲ್ಲಿ ನಿಂತಿರುತ್ತಾನೆ. ಗೊಣಗುವುದನ್ನೇ ಬಿಟ್ಟಿದ್ದಾನೆ. ಅದೇ ನನಗೆ ಭಯ.

ಪಾಸಾದವರನ್ನು ನೇಮಕಾತಿಯ ಸಾಹೇಬರು ಕರೆಸಿದರು. ಅಂದು ನಾನು ಮನೆಯಲ್ಲಿ ಒಂದು ಕಡೆ ಕೂರಲಾರದೆ ಅಂಗಡಿಯಲ್ಲಿ ಮಗನ ಪಕ್ಕ ಕೂತಿದ್ದೆ. ಬೆಲ್ಟಮ್ಮ ಗೇಟು ದಾಟಿ ಬರುವುದು ದೂರದಿಂದಲೇ ಕಂಡಿತು. ಅವಳ ನಡಿಗೆ ನೋಡಿ ನನ್ನ ಮಗ ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ.

"ಕಾಯಂ ಜಾಗ ಎಲ್ಲ ಮೊದಲ ಸಲ ಪಾಸಾದವರಿಗೇ ಮುಗಿದುಹೋಯ್ತಂತೆ" ಎಂದಳು. "ಅದೇ ಕಾರ್ಖಾನೆ, ಅದೇ ಮೇಜು, ಅದೇ ಬ್ಯಾಟರಿ. ಆದ್ರೆ ನಾವು ಗುತ್ತಿಗೆಯವನ ಕಡೆಯವರು. ಅವರದು ನೀಲಿ ಅಂಗಿ, ನಮ್ಮದು ಕಂದು ಅಂಗಿ."

"ಮನೆ?" ಎಂದ ನನ್ನ ಮಗ.

"ಕಂದು ಅಂಗಿಗೆ ಮನೆ ಇಲ್ಲ."

"ಒಪ್ಪಿಕೊಂಡ್ಯಾ?"

"ಇಲ್ಲ. ಯಾರೂ ಒಪ್ಪಲಿಲ್ಲ. ಎಲ್ಲರೂ ಎದ್ದು ಬಂದ್ವಿ." ಅಷ್ಟು ಹೇಳಿ ಬೆಂಚಿನ ಮೇಲೆ ಕುಸಿದಳು. "ನಿಮಗೆ ಹಸಿರು ಕೆಲಸ ಬೇಡ್ವಾ ಅಂತ ಕೇಳಿದ್ರು ಅತ್ತೆ. ಬೇಕು ಸಾಹೇಬ್ರೇ, ಕೆಲಸ ಚೆನ್ನಾಗಿದೆ, ಮೈಗೆ ಮಸಿ ಇಲ್ಲ, ಉಸಿರಿಗೆ ಧೂಳಿಲ್ಲ, ಅದಕ್ಕೇ ಬೇಕು ಅಂದೆ. ಆದ್ರೆ ನೀವು ಬಣ್ಣ ಬದಲಾಯಿಸಿದ್ದು ಕರೆಂಟಿಗೆ ಮಾತ್ರ, ನಮ್ಮ ಪಾಡಿಗೆ ಅಲ್ಲ ಅಂದೆ. ತಪ್ಪು ಮಾತಾಡಿದ್ನಾ?"

"ಸರಿಯಾಗೇ ಹೇಳಿದ್ದೀಯ. ಎಷ್ಟು ಜೋರಾಗಿ ಹೇಳಿದೆ?" ಎಂದೆ.

"ಗುಮಾಸ್ತ ಕಿವಿ ಮುಚ್ಕೊಂಡ."

ಹೊಸ ಯಂತ್ರಗಳು ಬಂದಿಳಿದಿದ್ದವು. ಅವುಗಳ ಮುಂದೆ ನಿಲ್ಲಲು ಕಲಿತ ಜನ ಬೇಕಿತ್ತು. ಕಲಿತವರು ನನ್ನ ಮಗನ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಕಾರ್ಖಾನೆಯ ಒಳಗಿನಿಂದ ಒಬ್ಬರು ಬಂದು ಮಾತಾಡುವುದು, ಹೋಗುವುದು. ಇನ್ನೊಬ್ಬರು ಬರುವುದು. ಮೇಡಂ ಒಮ್ಮೆ ಬಂದು ಟೀ ಕುಡಿದು, ಅವರ ಜೊತೆ ಸ್ವಲ್ಪ ಹೊತ್ತು ಕೂತು ಹೋದಳು. ಗಂಡಂದಿರು, ಹೆಂಡತಿಯರು ಮನೆಯಲ್ಲಿ ಬೈಯತೊಡಗಿದರು, ಸಿಕ್ಕಿದ್ದನ್ನೂ ಕಳಕೊಳ್ತೀರಿ ಎಂದು. ಬೆಲ್ಟಮ್ಮನ ಮೇಲೆ ಎಲ್ಲರ ಕಣ್ಣು. ಅವಳು ಒಪ್ಪಿದರೆ ಉಳಿದವರೂ ಒಪ್ಪಿಬಿಡುತ್ತಿದ್ದರು. ಅವಳು ಎದ್ದರೆ ತಾನೇ?

ಕೊನೆಗೆ ಸಾಹೇಬರು ತಾವೇ ಗೇಟಿನಿಂದ ಈಚೆ ಬಂದರು. ಒಂದು ವರ್ಷ ಗುತ್ತಿಗೆ, ಆಮೇಲೆ ಕಾಯಂ ಮಾಡುತ್ತೇವೆ, ಅಲ್ಲಿಯ ತನಕ ಮನೆಯಲ್ಲೂ ಇರಬಹುದು ಎಂದರು. "ಮಾಡ್ತೀವಿ ಅಂತಾನಾ, ನೋಡ್ತೀವಿ ಅಂತಾನಾ? ಯಾವುದು ಸಾಹೇಬ್ರೇ?" ಎಂದು ಬೆಲ್ಟಮ್ಮ ಕೇಳಿದಳು. ಅವರು ಮಾಡ್ತೀವಿ ಎಂದರು, ಆದರೆ ಕಣ್ಣು ಬೇರೆ ಕಡೆ ಇತ್ತು. ಬೆಂಚಿನ ಮೇಲಿದ್ದವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಇದಕ್ಕಿಂತ ಹೆಚ್ಚು ಎಳೆದರೆ ಹರಿಯುತ್ತದೆ ಎಂದು ಎಲ್ಲರಿಗೂ ಅನಿಸಿತ್ತು. ಒಪ್ಪಿಕೊಂಡರು.

ನಾಳೆಯಿಂದ ಅವಳಿಗೆ ಬೆಳಗಿನ ಪಾಳಿ. ಗೆದ್ದು ಬಂದವಳ ಹಾಗೆ ನಗಲೂ ಇಲ್ಲ, ಸೋತವಳ ಹಾಗೆ ಅಳಲೂ ಇಲ್ಲ. ಕಂದು ಅಂಗಿಯನ್ನು ಮಂಚದ ಮೇಲೆ ಎಸೆದು ಒಳಗೆ ಬಂದಳು. ಹಜಾರದ ತುಂಬ ನಾನು ಗಂಟು ಕಟ್ಟಿಟ್ಟ ಸಾಮಾನು. ಮನೆ ಬಿಡಬೇಕಾಗುತ್ತದೆ ಎಂದು ಆ ವಾರ ಪೂರ್ತಿ ಕೂತು ಒಂದೊಂದಾಗಿ ಕಟ್ಟಿದ್ದೆ.

"ಇದನ್ನೆಲ್ಲ ಏನು ಮಾಡೋದು ಅತ್ತೆ?" ಎಂದಳು. "ಬಿಚ್ಚೋದಾ?"

ನಾನು ಗಂಟುಗಳನ್ನು ನೋಡಿದೆ. ಸಾಹೇಬರ ಕಣ್ಣು ನೆನಪಾಯಿತು.

"ಪಾತ್ರೆ ಬಿಚ್ಚು" ಎಂದೆ. "ಉಳಿದದ್ದು ಹಾಗೇ ಇರಲಿ."